ವಿದ್ಯಾರ್ಥಿ ವೀಸಾ: ಕಾನೂನು ಕೇಳುವುದೊಂದು, ಸಾಲ ಕೇಳುವುದೊಂದು

ಮಗನೋ ಮಗಳೋ ಎಂಜಿನಿಯರಿಂಗ್ ಕೊನೆಯ ವರ್ಷಕ್ಕೆ ಬಂದ ಮನೆಯಲ್ಲಿ ಎಂಎಸ್ ಮಾತು ಎದ್ದರೆ ಮೊದಲು ಕೇಳಿಬರುವುದು ಯಾವ ದೇಶದ ವೀಸಾ ಸುಲಭವಾಗಿ ಸಿಗುತ್ತದೆ ಎಂಬ ಪ್ರಶ್ನೆ. ಕೆಲವು ವರ್ಷಗಳ ಹಿಂದೆ ಕನ್ಸಲ್ಟೆನ್ಸಿಗಳ ಬಳಿ ಇದಕ್ಕೆ ಸಿದ್ಧ ಉತ್ತರ ಇರುತ್ತಿತ್ತು. ಅಂಕ ಚೆನ್ನಾಗಿದ್ದು, ಅಡಮಾನಕ್ಕೆ ಮನೆಯೋ ಸೈಟೋ ಇದ್ದರೆ ಅಮೆರಿಕ; ಬ್ಯಾಕ್‌ಲಾಗ್‌ಗಳಿದ್ದರೆ ಕೆನಡಾ; ಒಂದೇ ವರ್ಷದಲ್ಲಿ ಮುಗಿಯಬೇಕಿದ್ದರೆ ಬ್ರಿಟನ್; ಶುಲ್ಕ ಕಟ್ಟುವ ಶಕ್ತಿ ಇಲ್ಲದಿದ್ದರೆ ಜರ್ಮನಿ. 2024ರ ಜನವರಿಯಿಂದ ಈಚೆಗೆ ಈ ದೇಶಗಳೆಲ್ಲ ತಮ್ಮ ನಿಯಮಗಳನ್ನು ಬದಲಿಸಿವೆ, ಕೆಲವು ಎರಡು ಮೂರು ಬಾರಿ. ಹಳೆಯ ಉತ್ತರ ಈಗ ಕೆಲಸಕ್ಕೆ ಬರುವುದಿಲ್ಲ. ಆ ಪ್ರಶ್ನೆಯನ್ನೇ ಕೈಬಿಡಬೇಕಾದ ಕಾಲ ಬಂದಿದೆ ಎಂದು ನನಗೆ ಅನಿಸುತ್ತದೆ.

ನಾವು ವಿದ್ಯಾರ್ಥಿ ವೀಸಾ ಎಂದು ಒಂದೇ ಹೆಸರಿನಲ್ಲಿ ಕರೆಯುವುದರೊಳಗೆ ಹಲವು ಅನುಮತಿಗಳಿವೆ. ದೇಶದೊಳಗೆ ಕಾಲಿಡಲು ಒಂದು, ಓದು ಮುಗಿಯುವವರೆಗೆ ಅಲ್ಲಿರಲು ಇನ್ನೊಂದು. ಓದು ಮುಗಿದ ಮೇಲೆ ಕೆಲಸ ಹುಡುಕಿಕೊಳ್ಳಲು ಸಿಗುವ ಕಾಲಾವಕಾಶ ಮೂರನೆಯದು. ವಿದ್ಯಾರ್ಥಿಗಳು ಸ್ಟೇ ಬ್ಯಾಕ್ ಎನ್ನುವುದು ಇದನ್ನೇ. ಅದರ ಬಳಿಕ ಕಂಪನಿಯೊಂದು ಮುಂದೆ ಬಂದು ಕೊಡಿಸಬೇಕಾದ ಕೆಲಸದ ವೀಸಾ ನಾಲ್ಕನೆಯದು. ಕನ್ಸಲ್ಟೆನ್ಸಿಯ ಕೆಲಸ ಮೊದಲನೆಯದಕ್ಕೇ ಮುಗಿಯುತ್ತದೆ. ಬ್ಯಾಂಕಿನ ಸಾಲ ತೀರುವುದು ಮಾತ್ರ ಮೂರು ಮತ್ತು ನಾಲ್ಕನೆಯದರಿಂದ. ಮೊದಲನೆಯದನ್ನು ಕೊಡುವಾಗ ಕೊನೆಯದರ ಬಗ್ಗೆ ಯಾವ ದೇಶವೂ ಭರವಸೆ ಕೊಡುವುದಿಲ್ಲ. ಓದು ಮುಗಿದೊಡನೆ ಹೊರಟುಹೋಗುತ್ತೇನೆ ಎಂದು ಅರ್ಜಿದಾರನಿಂದ ಮಾತು ಪಡೆಯುವ ದೇಶಗಳೂ ಇವೆ.

ಇಲ್ಲೇ ಇರುವುದು ತೊಡಕು. ಅಮೆರಿಕದಲ್ಲಿ ಎರಡು ವರ್ಷದ ಎಂಎಸ್‌ಗೆ 40 ಲಕ್ಷ ರೂಪಾಯಿ ಸಾಲ, ಬಡ್ಡಿ ಶೇ 10.5 ಎಂದಿಟ್ಟುಕೊಳ್ಳಿ. ಓದುವ ಅವಧಿಯಲ್ಲೂ ಅನಂತರದ ಆರು ತಿಂಗಳೂ ಕಂತು ಕಟ್ಟಬೇಕಾಗಿಲ್ಲ, ಆದರೆ ಬಡ್ಡಿ ಏರುತ್ತಲೇ ಇರುತ್ತದೆ. ಹಣ ನಾಲ್ಕು ಸೆಮಿಸ್ಟರ್‌ಗಳಲ್ಲಿ ಸಮನಾಗಿ ಬಿಡುಗಡೆಯಾಯಿತು ಎಂದರೂ ಕಂತು ಶುರುವಾಗುವ ಹೊತ್ತಿಗೆ ಬಾಕಿ 47 ಲಕ್ಷ ದಾಟಿರುತ್ತದೆ. ಹತ್ತು ವರ್ಷಗಳಲ್ಲಿ ತೀರಿಸಬೇಕಾದರೆ ತಿಂಗಳಿಗೆ ಸುಮಾರು 64 ಸಾವಿರ ರೂಪಾಯಿ. ಡಾಲರಿನಲ್ಲಿ ಸಂಬಳ ಪಡೆಯುವವರಿಗೆ ಅದು ಏಳುನೂರು ಡಾಲರಿನ ಆಸುಪಾಸು, ಬಾಡಿಗೆ ಕಟ್ಟಿಯೂ ಹೊರಬಹುದಾದ ಭಾರ. ಬೆಂಗಳೂರಿಗೆ ಮರಳಿ ಕೆಲಸಕ್ಕೆ ಸೇರಿದವರಿಗೆ? ಇಲ್ಲಿ ಹೊಸದಾಗಿ ಸೇರುವ ಬಹುಪಾಲು ಎಂಜಿನಿಯರುಗಳ ಕೈಗೆ ಬರುವ ಇಡೀ ಸಂಬಳಕ್ಕಿಂತ ಅದು ಹೆಚ್ಚು. ಎಂದರೆ, ಮಗ ಅಲ್ಲೇ ಕೆಲವು ವರ್ಷ ದುಡಿಯುತ್ತಾನೆ ಎಂಬ ನಂಬಿಕೆಯ ಮೇಲೆ ಸಾಲಪತ್ರಕ್ಕೆ ಸಹಿ ಬೀಳುತ್ತದೆ. ಅದೇ ಮಗ ವೀಸಾ ಸಂದರ್ಶನದಲ್ಲಿ ಓದು ಮುಗಿಸಿ ಊರಿಗೆ ಮರಳುತ್ತೇನೆಂದು ಅಧಿಕಾರಿಗೆ ಮನವರಿಕೆ ಮಾಡಿಕೊಡಬೇಕು.

ಅಮೆರಿಕದ ವಿದ್ಯಾರ್ಥಿ ವೀಸಾ ಎಫ್-1ರಲ್ಲಿ ಈ ತೊಡಕು ಅತ್ಯಂತ ಬಿಗಿಯಾಗಿದೆ. ಅಲ್ಲಿನ ವಲಸೆ ಕಾನೂನಿನ 214(ಬಿ) ಕಲಮಿನ ಪ್ರಕಾರ ಪ್ರತಿ ಅರ್ಜಿದಾರನೂ ಅಲ್ಲೇ ನೆಲೆಸಲು ಬರುತ್ತಿದ್ದಾನೆ ಎಂದೇ ಮೊದಲಿಗೆ ಭಾವಿಸಲಾಗುತ್ತದೆ. ಹಾಗಲ್ಲವೆಂದು ತೋರಿಸಿಕೊಡುವ ಹೊಣೆ ಅರ್ಜಿದಾರನದು. ಭಾರತೀಯ ವಿದ್ಯಾರ್ಥಿಗಳ ಕೈಗೆ ಬರುವ ನಿರಾಕರಣೆ ಪತ್ರಗಳಲ್ಲಿ ಕಾಣುವುದು ಹೆಚ್ಚಾಗಿ ಇದೇ ಕಲಮು. ವಿಶ್ವವಿದ್ಯಾಲಯದಿಂದ ಪ್ರವೇಶ ದೃಢಪಡಿಸುವ ಐ-20 ಪತ್ರ ಬಂದ ಮೇಲೆ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲೆ ವ್ಯವಸ್ಥೆ) ಶುಲ್ಕ 350 ಡಾಲರ್, ವೀಸಾ ಶುಲ್ಕ 185 ಡಾಲರ್ ಕಟ್ಟಿ, ಡಿಎಸ್-160 ಅರ್ಜಿ ತುಂಬಿ, ಸ್ಲಾಟ್‌ಗಾಗಿ ಕಾದು, ಕರ್ನಾಟಕದ ವಿದ್ಯಾರ್ಥಿ ಚೆನ್ನೈಗೋ ಹೈದರಾಬಾದ್‌ಗೋ ಪ್ರಯಾಣ ಮಾಡುತ್ತಾನೆ. ಅಲ್ಲಿ ಕೆಲವೇ ನಿಮಿಷಗಳ ಮಾತುಕತೆಯಲ್ಲಿ ಎಲ್ಲವೂ ತೀರ್ಮಾನವಾಗುತ್ತದೆ. 2025ರ ಮೇ ಕೊನೆಯಲ್ಲಿ ಹೊಸ ಸಂದರ್ಶನಗಳ ನಿಗದಿಯನ್ನೇ ಕೆಲವು ವಾರ ನಿಲ್ಲಿಸಲಾಯಿತು. ಜೂನ್‌ನಲ್ಲಿ ಮತ್ತೆ ಆರಂಭವಾದಾಗ ಅರ್ಜಿದಾರರು ತಮ್ಮ ಸಾಮಾಜಿಕ ಜಾಲತಾಣ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕೆಂಬ ಷರತ್ತು ಸೇರಿಕೊಂಡಿತ್ತು. ಆಗಸ್ಟ್‌ನಲ್ಲಿ ತರಗತಿ ಶುರುವಾಗಬೇಕಿದ್ದ ಎಷ್ಟೋ ಮಕ್ಕಳಿಗೆ ಆ ವಿಳಂಬದಿಂದ ಒಂದು ಸೆಮಿಸ್ಟರ್ ಕೈತಪ್ಪಿತು.

ಒಳಗೆ ಹೋದವರಿಗೂ ನೆಮ್ಮದಿ ಇಲ್ಲ. 2025ರ ವಸಂತದಲ್ಲಿ ಸಾವಿರಾರು ವಿದೇಶಿ ವಿದ್ಯಾರ್ಥಿಗಳ ಸೆವಿಸ್ ದಾಖಲೆಗಳನ್ನು ಸರ್ಕಾರ ಏಕಾಏಕಿ ರದ್ದುಪಡಿಸಿತು. ಮೊಕದ್ದಮೆಗಳು ಸಾಲುಗಟ್ಟಿದ ಮೇಲೆ ಏಪ್ರಿಲ್ ಕೊನೆಯಲ್ಲಿ ಅವುಗಳನ್ನು ಮರುಸ್ಥಾಪಿಸತೊಡಗಿತು. ಅಮೆರಿಕಕ್ಕೆ ಹೊರಟವರು ತಿಳಿದಿರಲೇಬೇಕಾದ ವ್ಯತ್ಯಾಸವೊಂದು ಇದರಲ್ಲಿದೆ. ಪಾಸ್‌ಪೋರ್ಟಿನ ಮೇಲಿನ ವೀಸಾ ಮುದ್ರೆ ಗಡಿ ದಾಟಲಷ್ಟೇ. ಅಲ್ಲಿರುವ ಹಕ್ಕು ನಿಂತಿರುವುದು ಸೆವಿಸ್ ದಾಖಲೆಯ ಮೇಲೆ. ಒಂದು ಸೆಮಿಸ್ಟರ್‌ನಲ್ಲಿ ಕನಿಷ್ಠ ಕ್ರೆಡಿಟ್‌ಗಿಂತ ಕಡಿಮೆ ವಿಷಯ ತೆಗೆದುಕೊಂಡರೂ, ಅನುಮತಿ ಇಲ್ಲದೆ ಪೆಟ್ರೋಲ್ ಬಂಕಿನಲ್ಲೋ ಹೋಟೆಲಿನಲ್ಲೋ ದುಡಿದರೂ ಆ ಹಕ್ಕು ಹೋಗುತ್ತದೆ, ಮುದ್ರೆಯ ಅವಧಿ ಇನ್ನೂ ನಾಲ್ಕು ವರ್ಷ ಇದ್ದರೂ ಸರಿ.

ಓದಿನ ನಂತರದ್ದು ಇನ್ನೂ ಮುಖ್ಯ. ಒಪಿಟಿ ಎಂಬ ವ್ಯವಸ್ಥೆಯಲ್ಲಿ 12 ತಿಂಗಳು ಕೆಲಸ ಮಾಡಬಹುದು. ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತದ ಪದವೀಧರರಿಗೆ ಇನ್ನೂ 24 ತಿಂಗಳು ಸಿಗುತ್ತದೆ. ಈ ಮೂರು ವರ್ಷ ಸಂಸತ್ತು ಅಂಗೀಕರಿಸಿದ ಕಾಯ್ದೆಯಿಂದ ನೇರವಾಗಿ ಬಂದದ್ದಲ್ಲ, ಆಡಳಿತ ರೂಪಿಸಿದ ನಿಯಮದಿಂದ ಬಂದದ್ದು. ಹಾಗಾಗಿ ಅದನ್ನು ಮೊಟಕುಗೊಳಿಸಲು ಸಂಸತ್ತಿನ ಮತ ಬೇಕಾಗಿಲ್ಲ. ಆ ಅವಧಿಯೊಳಗೆ ಎಚ್-1ಬಿ ಎಂಬ ಕೆಲಸದ ವೀಸಾದ ಲಾಟರಿಯಲ್ಲಿ ಹೆಸರು ಬರಬೇಕು. ವರ್ಷಕ್ಕೆ ಇರುವುದು 85 ಸಾವಿರ ವೀಸಾ, ಅದರಲ್ಲಿ 20 ಸಾವಿರ ಅಮೆರಿಕದ ಸ್ನಾತಕೋತ್ತರ ಪದವೀಧರರಿಗೆ ಮೀಸಲು. 2025ರ ಲಾಟರಿಯಲ್ಲಿ ಸುಮಾರು 3.44 ಲಕ್ಷ ಅರ್ಹ ನೋಂದಣಿಗಳ ಪೈಕಿ ಆಯ್ಕೆಯಾದದ್ದು 1.2 ಲಕ್ಷ, ಮೂರರಲ್ಲಿ ಒಂದರಷ್ಟು. ಮೂರು ಬಾರಿ ಅವಕಾಶ ಸಿಕ್ಕರೆ ಸಾಕಷ್ಟು ಜನರಿಗೆ ಒಮ್ಮೆಯಾದರೂ ಒದಗಿಬರುತ್ತದೆ ಎಂಬ ಲೆಕ್ಕ ಇಷ್ಟು ದಿನ ನಡೆಯುತ್ತಿತ್ತು. 2026ರಿಂದ ಲಾಟರಿಯೇ ಬದಲಾಗಿದೆ: ಸಂಬಳದ ಮಟ್ಟ ಮೇಲಿದ್ದಷ್ಟೂ ಆಯ್ಕೆಯ ಸಾಧ್ಯತೆ ಹೆಚ್ಚು. ಆಗಷ್ಟೇ ಓದು ಮುಗಿಸಿದವರ ಸಂಬಳ ಸಾಮಾನ್ಯವಾಗಿ ಕೆಳಗಿನ ಎರಡು ಮಟ್ಟಗಳಲ್ಲಿ ಇರುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಘೋಷಿಸಿದ ಒಂದು ಲಕ್ಷ ಡಾಲರ್ ಎಚ್-1ಬಿ ಶುಲ್ಕದ ಸುದ್ದಿ ನಮ್ಮಲ್ಲಿ ದೊಡ್ಡ ಗದ್ದಲ ಎಬ್ಬಿಸಿತು. ಆದರೆ ದೇಶದೊಳಗಿದ್ದೇ ಎಫ್-1ನಿಂದ ಎಚ್-1ಬಿಗೆ ಬದಲಾಗುವವರಿಗೆ ಅದು ಅನ್ವಯಿಸುವುದಿಲ್ಲವೆಂದು ಮರುತಿಂಗಳೇ ಸ್ಪಷ್ಟನೆ ಬಂತು. ವಿದ್ಯಾರ್ಥಿಗಳ ಮಟ್ಟಿಗೆ ಆ ಶುಲ್ಕಕ್ಕಿಂತ ಲಾಟರಿಯ ಬದಲಾವಣೆಯೇ ಹೆಚ್ಚು ಆಳದ ಪೆಟ್ಟು. ಅದರ ಬಗ್ಗೆ ಚರ್ಚೆ ಆಗಿದ್ದು ಕಡಿಮೆ.

ಇಷ್ಟಾಗಿಯೂ ಅಮೆರಿಕ ಬೇಡ ಎಂದು ನಾನು ಹೇಳಲಾರೆ. 2024-25ರಲ್ಲಿ ಅಲ್ಲಿ 3.63 ಲಕ್ಷ ಭಾರತೀಯ ವಿದ್ಯಾರ್ಥಿಗಳಿದ್ದರು, ಬೇರಾವ ದೇಶದವರಿಗಿಂತ ಹೆಚ್ಚು. ಸಂಶೋಧನೆಯಲ್ಲಿ ಆಸಕ್ತಿ ಇರುವವರಿಗೆ, ಶುಲ್ಕ ಮನ್ನಾ ಮಾಡಿ ಸ್ಟೈಪೆಂಡ್ ಕೊಡುವ ಪಿಎಚ್‌ಡಿಗೆ ಹೋಗುವವರಿಗೆ ಅದು ಈಗಲೂ ಉತ್ತಮ ನೆಲೆ. ಅವರ ತಲೆಯ ಮೇಲೆ ಸಾಲವಿಲ್ಲ, ಆದ್ದರಿಂದ ನಿಯಮ ಬದಲಾದರೂ ಬದುಕು ಬುಡಮೇಲಾಗುವುದಿಲ್ಲ. ಪೂರ್ತಿ ಸಾಲದ ಮೇಲೆ, ಹೆಸರೇ ಕೇಳಿರದ ಕಾಲೇಜಿನ ಎಂಎಸ್‌ಗೆ ಹೊರಟವರ ಬಗ್ಗೆ ನನಗೆ ಆತಂಕ.

ನಿಯಮ ಎಷ್ಟು ಬೇಗ ತಿರುಗಬಲ್ಲದು ಎಂಬುದನ್ನು ಕಾಣಲು ಕೆನಡಾವನ್ನು ನೋಡಬೇಕು. 2023ರ ತನಕ ಅಲ್ಲಿನ ಕಾಲೇಜುಗಳು ಎರಡು ವರ್ಷದ ಡಿಪ್ಲೊಮಾಗೆ ಭಾರತೀಯರನ್ನು ಕೈಬೀಸಿ ಕರೆಯುತ್ತಿದ್ದವು. 2024ರ ಜನವರಿಯಲ್ಲಿ ಸರ್ಕಾರ ಹೊಸ ಸ್ಟಡಿ ಪರ್ಮಿಟ್‌ಗಳಿಗೆ ಮಿತಿ ಹಾಕಿ, ಆ ವರ್ಷದ ಗುರಿಯನ್ನು ಶೇ 35ರಷ್ಟು ಇಳಿಸಿತು. ಜೀವನವೆಚ್ಚಕ್ಕೆ ತೋರಿಸಬೇಕಾದ ಹಣ 10 ಸಾವಿರ ಕೆನಡಾ ಡಾಲರ್ ಇದ್ದದ್ದು ಅದೇ ತಿಂಗಳು 20,635ಕ್ಕೂ, 2025ರ ಸೆಪ್ಟೆಂಬರ್‌ನಲ್ಲಿ 22,895ಕ್ಕೂ ಏರಿತು. ಬೇಗ ಪರ್ಮಿಟ್ ಕೊಡುತ್ತಿದ್ದ ಎಸ್‌ಡಿಎಸ್ ಯೋಜನೆ 2024ರ ನವೆಂಬರ್‌ನಲ್ಲಿ ಒಂದೇ ದಿನದಲ್ಲಿ ನಿಂತುಹೋಯಿತು. ಅದೇ ತಿಂಗಳಿಂದ ಪರ್ಮಿಟ್‌ಗೆ ಅರ್ಜಿ ಹಾಕಿದ ಡಿಪ್ಲೊಮಾ ವಿದ್ಯಾರ್ಥಿಗಳು ಸರ್ಕಾರದ ಪಟ್ಟಿಯಲ್ಲಿರುವ ವಿಷಯ ಓದಿದ್ದರೆ ಮಾತ್ರ ಓದಿನ ನಂತರದ ಕೆಲಸದ ಪರ್ಮಿಟ್ ಎಂದಾಯಿತು. ಆಗಲೇ ಒಳಗಿದ್ದವರಿಗೆ ಬೇರೆ ದಾರಿಯಿಂದ ಪೆಟ್ಟು ಬಿತ್ತು. ಕಾಯಂ ನಿವಾಸಿಗಳಾಗಿ ತೆಗೆದುಕೊಳ್ಳುವವರ 2025ರ ಸಂಖ್ಯೆಯನ್ನು 5 ಲಕ್ಷದಿಂದ 3.95 ಲಕ್ಷಕ್ಕೆ ಇಳಿಸಿದ್ದರಿಂದ ಅಂಕಗಳ ಸ್ಪರ್ಧೆಯಲ್ಲಿ ಎಷ್ಟೋ ಜನ ಹೊರಗುಳಿದರು. ಅವರು ಯಾವ ನಿಯಮವನ್ನೂ ಮುರಿದಿರಲಿಲ್ಲ. ಮನೆ ಬಾಡಿಗೆ ಏರಿತ್ತು, ಚುನಾವಣೆ ಹತ್ತಿರವಾಗುತ್ತಿತ್ತು, ವಲಸೆ ರಾಜಕೀಯ ವಿಷಯವಾಗಿತ್ತು.

ಹಾಗೆಂದು ಕೆನಡಾದ ಬಾಗಿಲು ಪೂರ್ತಿ ಮುಚ್ಚಿದೆ ಎನ್ನುವುದೂ ತಪ್ಪು. 2026ರ ಜನವರಿಯಿಂದ ಸಾರ್ವಜನಿಕ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಮತ್ತು ಪಿಎಚ್‌ಡಿ ವಿದ್ಯಾರ್ಥಿಗಳನ್ನು ಆ ಮಿತಿಯಿಂದ ಹೊರಗಿಡಲಾಗಿದೆ. ಒಂದೂವರೆ ವರ್ಷದ ಮಾಸ್ಟರ್ಸ್ ಓದಿದವರಿಗೂ ಮೂರು ವರ್ಷದ ಕೆಲಸದ ಪರ್ಮಿಟ್ ಸಿಗುತ್ತದೆ. ಸರ್ಕಾರ ಮುಚ್ಚಿದ್ದು ಮುಖ್ಯವಾಗಿ ಡಿಪ್ಲೊಮಾ ದಾರಿಯನ್ನು. ಬೇಸರದ ಸಂಗತಿ ಎಂದರೆ, ನಮ್ಮಲ್ಲಿ ಕೆಲವರು ಇನ್ನೂ ಆ ದಾರಿಯನ್ನೇ ಮಾರುತ್ತಿದ್ದಾರೆ.

ಬ್ರಿಟನ್ನಿನ ಲೆಕ್ಕ ಸರಳ, ಆದರೆ ತಾರೀಖು ನೋಡಿಕೊಳ್ಳಬೇಕು. 2021ರಲ್ಲಿ ಬಂದ ಗ್ರಾಜುಯೇಟ್ ರೂಟ್ ಎರಡು ವರ್ಷದ ಸ್ಟೇ ಬ್ಯಾಕ್ ಕೊಡುತ್ತಿತ್ತು. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಅದು 18 ತಿಂಗಳು, ಪಿಎಚ್‌ಡಿಯವರಿಗೆ ಮಾತ್ರ ಮೂರು ವರ್ಷ. 2026ರ ಸೆಪ್ಟೆಂಬರ್‌ನಲ್ಲಿ ಒಂದು ವರ್ಷದ ಕೋರ್ಸಿಗೆ ಸೇರುವವರು ಅರ್ಜಿ ಹಾಕುವುದು 2027ರಲ್ಲೇ, ಆದ್ದರಿಂದ ಅವರಿಗೆ 18 ತಿಂಗಳೇ. ಆ ನಂತರದ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಸಾಮಾನ್ಯ ಸಂಬಳದ ಮಿತಿ ವರ್ಷಕ್ಕೆ 41,700 ಪೌಂಡ್, ಹೊಸಬರಿಗೆ 33,400. ವೀಸಾ ಶುಲ್ಕದ ಜೊತೆ ಆರೋಗ್ಯ ಸೇವೆಗೆಂದು ವರ್ಷಕ್ಕೆ 776 ಪೌಂಡ್ ಮುಂಗಡವಾಗಿ ಕಟ್ಟಬೇಕು. ಪತಿ, ಪತ್ನಿ, ಮಕ್ಕಳನ್ನು ಕರೆದೊಯ್ಯುವ ಅವಕಾಶ 2024ರ ಜನವರಿಯಿಂದ ಸಂಶೋಧನಾ ವಿದ್ಯಾರ್ಥಿಗಳಿಗಷ್ಟೇ ಉಳಿದಿದೆ. ಐರ್ಲೆಂಡ್ ಮಾಸ್ಟರ್ಸ್ ಮುಗಿಸಿದವರಿಗೆ ಎರಡು ವರ್ಷ ಕೊಡುತ್ತದೆ, ಆದರೆ ಡಬ್ಲಿನ್‌ನಲ್ಲಿ ಬಾಡಿಗೆಗೆ ಕೋಣೆ ಸಿಗುವುದೇ ದುಸ್ತರ.

ಆಸ್ಟ್ರೇಲಿಯಾ ದುಬಾರಿಯಾಗಿದೆ. ವೀಸಾ ಅರ್ಜಿ ಶುಲ್ಕವೇ 710 ಆಸ್ಟ್ರೇಲಿಯನ್ ಡಾಲರ್ ಇದ್ದದ್ದು ಒಂದು ವರ್ಷದ ಅಂತರದಲ್ಲಿ ಎರಡು ಬಾರಿ ಏರಿ 2025ರ ಜುಲೈಗೆ 2,000 ಆಯಿತು. ತಿರಸ್ಕಾರವಾದರೆ ಅದು ಮರಳಿ ಬರುವುದಿಲ್ಲ. ಆದರೂ ಆ ದೇಶ ಮಾಡಿದ ಒಂದು ಬದಲಾವಣೆ ನನಗೆ ಮೆಚ್ಚುಗೆಯಾಗಿದೆ. ತಾತ್ಕಾಲಿಕವಾಗಿ ಮಾತ್ರ ಬರುತ್ತಿದ್ದೇನೆ ಎಂದು ಅರ್ಜಿದಾರ ಸಾಬೀತುಪಡಿಸಬೇಕಿದ್ದ ಹಳೆಯ ಷರತ್ತನ್ನು 2024ರ ಮಾರ್ಚ್‌ನಲ್ಲಿ ತೆಗೆದು, ಓದುವ ಉದ್ದೇಶ ಪ್ರಾಮಾಣಿಕವೇ ಎಂಬುದನ್ನು ಮಾತ್ರ ಪರೀಕ್ಷಿಸುವ ನಿಯಮ ತಂದಿದೆ. ಇಪ್ಪತ್ತೆರಡರ ಹುಡುಗಿ ಬೇಕಿಲ್ಲದ ಸುಳ್ಳು ಹೇಳಬೇಕಾದ ಸಂಕಟ ಅಷ್ಟರಮಟ್ಟಿಗೆ ತಪ್ಪಿತು.

ಈ ದೃಷ್ಟಿಯಲ್ಲಿ ಜರ್ಮನಿ ಹೆಚ್ಚು ನೇರವಾಗಿದೆ. ಕೆಲಸಗಾರರ ಕೊರತೆ ಇದೆಯೆಂದು ಆ ದೇಶ ಬಹಿರಂಗವಾಗಿ ಹೇಳುತ್ತದೆ. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಕೊಡುವುದು ಕಾನೂನಿನಲ್ಲೇ ಬರೆದಿದೆ. ಲಾಟರಿ ಇಲ್ಲ, ಓದಿಗೆ ಹೊಂದುವ ಕೆಲಸ, ನಿಗದಿತ ಸಂಬಳ ಇದ್ದರೆ ಬ್ಲೂ ಕಾರ್ಡ್ ಎಂಬ ಕೆಲಸದ ಪರವಾನಗಿ ಸಿಗುತ್ತದೆ. ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯ ಯುರೋಪಿನ ಹೊರಗಿನವರಿಂದ ಸೆಮಿಸ್ಟರ್‌ಗೆ 1,500 ಯೂರೊ ಪಡೆಯುತ್ತದೆ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವೂ 2024ರ ಚಳಿಗಾಲದ ಸೆಮಿಸ್ಟರ್‌ನಿಂದ ಶುಲ್ಕ ವಿಧಿಸತೊಡಗಿದೆ. ಮೊದಲ ವರ್ಷದ ಜೀವನವೆಚ್ಚಕ್ಕೆಂದು 11,904 ಯೂರೊ ಬ್ಲಾಕ್ಡ್ ಅಕೌಂಟ್‌ನಲ್ಲಿಡಬೇಕು. ಅದು ಶುಲ್ಕವಲ್ಲ, ತಿಂಗಳಿಗೆ 992 ಯೂರೊದಂತೆ ವಿದ್ಯಾರ್ಥಿಗೇ ಮರಳಿ ಬರುತ್ತದೆ. ವರ್ಷಕ್ಕೆ 140 ಪೂರ್ಣ ದಿನ ಕೆಲಸ ಮಾಡಲು ಅವಕಾಶವಿದೆ. ಎರಡು ವರ್ಷದ ಒಟ್ಟು ಖರ್ಚು ಅಮೆರಿಕದ ಅರ್ಧಕ್ಕೂ ಕೆಳಗೆ ನಿಲ್ಲಬಹುದು. ಮರಳಿ ಬಂದರೂ ಇಲ್ಲಿನ ಸಂಬಳದಿಂದ ತೀರಿಸಬಹುದಾದ ಸಾಲ ಅದು.

ಅಲ್ಲಿನ ಕಷ್ಟ ಬೇರೆ ಕಡೆ ಇದೆ. 2022ರ ನವೆಂಬರ್‌ನಿಂದ ಭಾರತೀಯರು ವೀಸಾಕ್ಕೆ ಮೊದಲು ಎಪಿಎಸ್ ಪ್ರಮಾಣಪತ್ರ ಪಡೆಯಬೇಕು. ಅಂಕಪಟ್ಟಿಗಳ ಅಸಲಿಯತ್ತನ್ನು ಅದು ಪರಿಶೀಲಿಸುತ್ತದೆ. ವಿಟಿಯು ಅಂಕಪಟ್ಟಿ ತಡವಾಗಿ ಬಂದರೆ ಎಪಿಎಸ್ ತಡ, ಅದು ತಡವಾದರೆ ಪ್ರವೇಶದ ಗಡುವೇ ತಪ್ಪುತ್ತದೆ. ದ್ವಿತೀಯ ಪಿಯುಸಿ ಮುಗಿಸಿದ ಮಕ್ಕಳಿಗೆ ಪದವಿಗೆ ನೇರ ಪ್ರವೇಶ ಸಾಮಾನ್ಯವಾಗಿ ಸಿಗದು. ಅವರು ಒಂದು ವರ್ಷದ ಸಿದ್ಧತಾ ಶಿಕ್ಷಣ ಮುಗಿಸಬೇಕು, ಇಲ್ಲವೇ ಜೆಇಇ ಅಡ್ವಾನ್ಸ್ಡ್‌ನಂಥ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು. ವೀಸಾ ತಿರಸ್ಕಾರವಾದಾಗ ರಾಯಭಾರ ಕಚೇರಿಗೇ ಬರೆದು ಮರುಪರಿಶೀಲನೆ ಕೇಳುವ ಸೌಲಭ್ಯ 2025ರ ಜುಲೈನಲ್ಲಿ ರದ್ದಾಯಿತು. ಈಗ ಹೊಸ ಅರ್ಜಿ, ಇಲ್ಲವೇ ನ್ಯಾಯಾಲಯ. ಇವೆಲ್ಲಕ್ಕಿಂತ ದೊಡ್ಡದು ಭಾಷೆ. ಕೋರ್ಸ್ ಇಂಗ್ಲಿಷಿನಲ್ಲಿದ್ದರೂ ಕೆಲಸದ ಸಂದರ್ಶನ ಬಹಳ ಕಡೆ ಜರ್ಮನ್ನಿನಲ್ಲಿ ನಡೆಯುತ್ತದೆ. ಭಾಷೆಯ ಮಧ್ಯಮ ಹಂತವಾದ ಬಿ1 ಮಟ್ಟವನ್ನು ಬೆಂಗಳೂರಿನಲ್ಲೇ ಮುಗಿಸಿಕೊಂಡು ಹೋದವರಿಗೂ ಅಲ್ಲಿ ಹೋಗಿ ಕಲಿಯುತ್ತೇನೆ ಎಂದುಕೊಂಡವರಿಗೂ ಆ 18 ತಿಂಗಳಲ್ಲಿ ತುಂಬಾ ಅಂತರ ಬೀಳುತ್ತದೆ. ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದ ತರಗತಿಗೆ ಎಂಜಿನಿಯರಿಂಗ್ ಮೂರನೆಯ ವರ್ಷದಲ್ಲೇ ಸೇರಿಕೊಳ್ಳುವುದು ಯಾವ ಕನ್ಸಲ್ಟೆನ್ಸಿಯ ಪ್ಯಾಕೇಜಿಗಿಂತಲೂ ಒಳ್ಳೆಯ ಹೂಡಿಕೆ.

ಜರ್ಮನಿಯ ವಿಷಯದಲ್ಲಿ ಏಜೆಂಟರ ವ್ಯವಹಾರವನ್ನೂ ಅರ್ಥಮಾಡಿಕೊಳ್ಳಬೇಕು. ವಿದ್ಯಾರ್ಥಿಯನ್ನು ಸೇರಿಸಿದ್ದಕ್ಕೆ ಬ್ರಿಟನ್, ಆಸ್ಟ್ರೇಲಿಯಾ, ಕೆನಡಾದ ಅನೇಕ ಸಂಸ್ಥೆಗಳು ಏಜೆಂಟರಿಗೆ ಕಮಿಷನ್ ಕೊಡುತ್ತವೆ. ಶುಲ್ಕವನ್ನೇ ಪಡೆಯದ ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯ ಎಲ್ಲಿಂದ ಕೊಡಬೇಕು? ಹಾಗಾಗಿ ಜರ್ಮನಿ ಎಂದು ಕೇಳಿಕೊಂಡು ಬಂದ ಹುಡುಗನಿಗೆ ಅಲ್ಲಿನ ಖಾಸಗಿ ಕಾಲೇಜೊಂದನ್ನು ತೋರಿಸಲಾಗುತ್ತದೆ. ವರ್ಷಕ್ಕೆ ಹತ್ತು ಸಾವಿರ ಯೂರೊಗೂ ಮೇಲೆ ಶುಲ್ಕ; ಕೆಲವು ಕೋರ್ಸುಗಳ ಬಹುಭಾಗ ಆನ್‌ಲೈನ್. ಆನ್‌ಲೈನ್ ಓದಿಗೆ ಅಲ್ಲೇ ಬಂದು ಇರಬೇಕಾದ ಅಗತ್ಯವಿಲ್ಲ ಎಂದು ವಲಸೆ ಕಚೇರಿ ವಾಸದ ಪರವಾನಗಿ ನಿರಾಕರಿಸಿದ್ದರಿಂದ 2025ರಲ್ಲಿ ಬರ್ಲಿನ್‌ನಲ್ಲಿ ಭಾರತೀಯ ವಿದ್ಯಾರ್ಥಿಗಳು ಓದಿನ ನಡುವೆಯೇ ದೇಶ ಬಿಡಬೇಕಾದ ಪರಿಸ್ಥಿತಿ ಎದುರಿಸಿದರು. ಸರ್ಕಾರಿ ವಿಶ್ವವಿದ್ಯಾಲಯಗಳ ಕೋರ್ಸುಗಳನ್ನು ಜರ್ಮನ್ ಶೈಕ್ಷಣಿಕ ವಿನಿಮಯ ಸಂಸ್ಥೆಯಾದ ಡಿಎಎಡಿಯ ಜಾಲತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ಹುಡುಕಬಹುದು. ಅರ್ಜಿಯನ್ನೂ ಸ್ವತಃ ಹಾಕಬಹುದು.

ಏಜೆಂಟರು ಮಾಡುವ ಇನ್ನೊಂದು ಸಹಾಯದಿಂದಲೂ ದೂರವಿರಬೇಕು. ಖಾತೆಯಲ್ಲಿ ಹಣ ತೋರಿಸಲು ಕೆಲವು ದಿನಗಳ ಮಟ್ಟಿಗೆ ದುಡ್ಡು ಹಾಕಿಸಿ, ವೀಸಾ ಬಂದ ಮೇಲೆ ಬಡ್ಡಿ ಸಮೇತ ತೆಗೆದುಕೊಳ್ಳುವುದು. ಕೆಲಸ ಮಾಡದ ಕಂಪನಿಯ ಅನುಭವ ಪತ್ರ ಕೊಡಿಸುವುದು. ಸಿಕ್ಕಿಬಿದ್ದರೆ ಏಜೆಂಟನಿಗೆ ಏನೂ ಆಗುವುದಿಲ್ಲ. ಅರ್ಜಿಯ ಮೇಲಿರುವುದು ವಿದ್ಯಾರ್ಥಿಯ ಸಹಿ. ಸುಳ್ಳು ದಾಖಲೆಗೆ ಕೆನಡಾ ಐದು ವರ್ಷ, ಬ್ರಿಟನ್ ಹತ್ತು ವರ್ಷದವರೆಗೆ ಪ್ರವೇಶ ನಿಷೇಧಿಸಬಹುದು. 2023ರಲ್ಲಿ ನಕಲಿ ಪ್ರವೇಶ ಪತ್ರಗಳ ಕಾರಣ ಕೆನಡಾದಲ್ಲಿ ಗಡೀಪಾರಿನ ನೋಟಿಸ್ ಪಡೆದ, ಹೆಚ್ಚಾಗಿ ಪಂಜಾಬಿನ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ತಮ್ಮ ಪತ್ರ ನಕಲಿ ಎಂಬುದು ವರ್ಷಗಳ ನಂತರ, ಕಾಯಂ ನಿವಾಸಕ್ಕೆ ಅರ್ಜಿ ಹಾಕಿದಾಗ ಗೊತ್ತಾಯಿತು.

ಹಾಗಾದರೆ ಮನೆಯಲ್ಲಿ ಯಾವ ಪ್ರಶ್ನೆಯಿಂದ ಮಾತು ಶುರುವಾಗಬೇಕು? ಸ್ಟೇ ಬ್ಯಾಕ್ ಮುಗಿದ ದಿನವೇ ಮರಳಬೇಕಾಗಿ ಬಂದರೆ ಉಳಿಯುವ ಸಾಲ ಎಷ್ಟು, ಅದನ್ನು ಇಲ್ಲಿನ ಸಂಬಳದಲ್ಲಿ ತೀರಿಸಬಹುದೇ ಎಂಬುದರಿಂದ. ತೀರಿಸಬಹುದಾದರೆ ವೀಸಾ ಅಧಿಕಾರಿಯ ಮುಂದೆ ಮರಳುತ್ತೇನೆ ಎನ್ನುವ ಮಾತೂ ಸುಳ್ಳಾಗುವುದಿಲ್ಲ, ಅದಕ್ಕೆ ಆಧಾರ ಇರುತ್ತದೆ. ಆಗದಿದ್ದರೆ ದೇಶ, ಕೋರ್ಸ್, ಇಲ್ಲವೇ ಹೊರಡುವ ವರ್ಷ ಈ ಮೂರರಲ್ಲಿ ಒಂದನ್ನು ಬದಲಿಸಬೇಕು. ಎರಡು ವರ್ಷ ಇಲ್ಲೇ ಕೆಲಸ ಮಾಡಿ, ಸ್ವಲ್ಪ ಉಳಿಸಿ ಹೋದರೆ ಸಾಲವೂ ಕಡಿಮೆಯಾಗುತ್ತದೆ, ಅಲ್ಲಿ ಕೆಲಸ ಸಿಗುವ ಸಾಧ್ಯತೆಯೂ ಹೆಚ್ಚುತ್ತದೆ. ಪಿಯುಸಿ ಮುಗಿದ ಕೂಡಲೇ ನಾಲ್ಕು ವರ್ಷದ ವಿದೇಶಿ ಪದವಿಗೆ ಸಾಲ ಮಾಡುವುದು, ಪೂರ್ಣ ವಿದ್ಯಾರ್ಥಿವೇತನ ಇಲ್ಲದಿದ್ದರೆ, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಅಪಾಯದ ದಾರಿ. ನಾಲ್ಕು ವರ್ಷದಲ್ಲಿ ಒಂದು ಸರ್ಕಾರವೇ ಬದಲಾಗುತ್ತದೆ.

ತೆರಿಗೆಯ ಎರಡು ಅನುಕೂಲಗಳನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಮಾನ್ಯ ಹಣಕಾಸು ಸಂಸ್ಥೆಯ ಶಿಕ್ಷಣ ಸಾಲದಿಂದ ಹೊರದೇಶಕ್ಕೆ ಕಳಿಸುವ ಹಣದ ಮೇಲೆ 2025ರ ಏಪ್ರಿಲ್‌ನಿಂದ ಟಿಸಿಎಸ್ (ಹಣ ಕಳಿಸುವಾಗಲೇ ಬ್ಯಾಂಕ್ ಹಿಡಿದುಕೊಳ್ಳುವ ತೆರಿಗೆ) ಇಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರು ಸಾಲದ ಬಡ್ಡಿಯನ್ನು ಎಂಟು ವರ್ಷದವರೆಗೆ ಆದಾಯದಿಂದ ಕಳೆಯಬಹುದು. ಪರಿಶಿಷ್ಟ ಜಾತಿ, ಪಂಗಡಗಳ ವಿದ್ಯಾರ್ಥಿಗಳಿಗೆ ವಿದೇಶಿ ಓದಿಗೆ ನೆರವಾಗುವ ರಾಜ್ಯದ ಪ್ರಬುದ್ಧ ಯೋಜನೆ ಇದೆ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವೂ ಇದೆ. ಹಳ್ಳಿಗಳ ಕಾಲೇಜುಗಳಲ್ಲಿ ಈ ಹೆಸರುಗಳನ್ನು ಕೇಳದ ಮಕ್ಕಳೇ ಹೆಚ್ಚು. ಕನ್ಸಲ್ಟೆನ್ಸಿಯ ಜಾಹೀರಾತು ಮಾತ್ರ ಬಸ್‌ ನಿಲ್ದಾಣದ ಗೋಡೆಯ ಮೇಲೂ ಇರುತ್ತದೆ.

ಕೇರಳದ ಸರ್ಕಾರಿ ಸಂಸ್ಥೆಯಾದ ಒಡೆಪೆಕ್ ವಿದೇಶಿ ಉದ್ಯೋಗದ ಜೊತೆ ವಿದೇಶಿ ಓದಿಗೂ ಮಾರ್ಗದರ್ಶನ ಕೊಡುತ್ತದೆ. ಕರ್ನಾಟಕದಲ್ಲಿ ಕೌಶಲ್ಯಾಭಿವೃದ್ಧಿ ಇಲಾಖೆಯಡಿ ಅಂತರರಾಷ್ಟ್ರೀಯ ವಲಸೆ ಕೇಂದ್ರ ಇದೆ, ಆದರೆ ಅದರ ಗಮನ ಮುಖ್ಯವಾಗಿ ಉದ್ಯೋಗದ ಮೇಲೆ. ಅದೇ ಕೇಂದ್ರಕ್ಕೆ ವಿದ್ಯಾರ್ಥಿಗಳಿಗಾಗಿ ಒಂದು ವಿಭಾಗ ಸೇರಿಸಿ, ಪ್ರತಿ ದೇಶದ ಚಾಲ್ತಿ ನಿಯಮವನ್ನು ಕನ್ನಡದಲ್ಲಿ ಪ್ರಕಟಿಸಿ, ಆಫರ್ ಲೆಟರ್ ಅಸಲಿಯೇ ಎಂದು ಪರಿಶೀಲಿಸಿಕೊಡುವ ವ್ಯವಸ್ಥೆ ಮಾಡಲು ಸರ್ಕಾರಕ್ಕೆ ದೊಡ್ಡ ಖರ್ಚೇನೂ ಬರುವುದಿಲ್ಲ. ಕಲಬುರಗಿಯಲ್ಲೋ ಚಿತ್ರದುರ್ಗದಲ್ಲೋ ಕೂತ ತಂದೆತಾಯಿ ಹೊಲವನ್ನೋ ಮನೆಯನ್ನೋ ಅಡಮಾನ ಇಡುವ ಮೊದಲು ಕಮಿಷನ್ ಪಡೆಯದ ಒಬ್ಬರನ್ನು ಫೋನ್ ಮಾಡಿ ಕೇಳುವಂತಾಗಬೇಕು.